ಟೀ ಶರ್ಟ್ ಮೇಲಿನ ಬಣ್ಣ ಎಲ್ಲಿ ಕೈ ಕೊಟ್ಟಿತು?

ಒಂದು ಭಾನುವಾರ ನನ್ನ ಮಗಳು ಬಿಳಿ ಟೀ ಶರ್ಟಿನ ಮೇಲೆ ಫ್ಯಾಬ್ರಿಕ್ ಪೇಂಟಿನಲ್ಲಿ ನೀಲಿ ಆನೆ ಬರೆದಳು. ಅವಳ ಅಣ್ಣ ಅದೇ ಬಾಟಲಿಯ ಬಣ್ಣದಲ್ಲಿ ತನ್ನ ಶರ್ಟಿನ ಮೇಲೆ ಬಸ್ಸು ಬರೆದ. ಎರಡನ್ನೂ ಒಟ್ಟಿಗೇ ಒಣಗಿಸಿದೆವು, ಒಟ್ಟಿಗೇ ಇಸ್ತ್ರಿ ಮಾಡಿದೆವು, ಒಟ್ಟಿಗೇ ಒಗೆದೆವು. ಬಸ್ಸಿಗೆ ಏನೂ ಆಗಲಿಲ್ಲ. ಆನೆಯ ಸೊಂಡಿಲು ಹೋಗಿತ್ತು, ಒಂದು ಕಾಲೂ ಹೋಗಿತ್ತು. ಅವಳು ಅಳ್ತಾ ಕೂತಳು, ಅವನು ಪಕ್ಕದಲ್ಲಿ ನಿಂತು ಉರಿಸಿದ.

ನಾನು ಮೊದಲು ಬೈದಿದ್ದು ಬಣ್ಣವನ್ನು. ಆದರೆ ಬಣ್ಣದ್ದೇ ತಪ್ಪಾಗಿದ್ದರೆ ಬಸ್ಸೂ ಹೋಗಬೇಕಿತ್ತು, ಅಲ್ವಾ? ಇದ್ದ ವ್ಯತ್ಯಾಸ ಒಂದೇ. ಅವನದು ಒಗೆದು ಒಗೆದು ಮೆತ್ತಗಾದ ಹಳೇ ಶರ್ಟು, ಅವಳದು ಆಗ ತಾನೇ ಕವರಿನಿಂದ ತೆಗೆದ ಹೊಸದು. ಹೊಸ ಬಟ್ಟೆ ನುಣುಪಾಗಿ, ಗರಿಗರಿಯಾಗಿ ಕಾಣಲಿ ಅಂತ ಗಂಜಿಯಂಥದ್ದೋ ಇನ್ನೇನೋ ಹಾಕಿರುತ್ತಾರೆ. ಬಣ್ಣ ಕೂತಿದ್ದು ಆ ಪದರದ ಮೇಲೆ, ನೂಲಿನ ಮೇಲಲ್ಲ. ನೀರಿಗೆ ಹಾಕಿದಾಗ ಪದರ ಬಿಟ್ಟಿತು, ಜೊತೆಗೆ ಸೊಂಡಿಲೂ ಹೋಯಿತು.

ಆಮೇಲೆ ನಮ್ಮ ಮನೆಯಲ್ಲೂ ನೆಂಟರ ಮನೆಯಲ್ಲೂ ಕೆಟ್ಟ ಶರ್ಟುಗಳು ಬೇಕಾದಷ್ಟು ಕೈಗೆ ಬಂದವು. ಎಲ್ಲದರಲ್ಲೂ ಕಂಡಿದ್ದು ಇದೇ: ತೊಂದರೆ ಕಣ್ಣಿಗೆ ಬೀಳೋದು ಒಗೆದ ಮೇಲೆ, ಹುಟ್ಟಿರೋದು ಅದಕ್ಕಿಂತ ಎಷ್ಟೋ ಮೊದಲು, ಎಷ್ಟೋ ಸಲ ಬ್ರಷ್ ಹಿಡಿಯುವ ಮುಂಚೆಯೇ. ಅದಕ್ಕೆ ಶರ್ಟು ಕೆಟ್ಟರೆ ಹಿಂದಕ್ಕೆ ನಡೆದು ನೋಡಬೇಕು.

ಬಣ್ಣ ಹಿಡಿಯೋದು ಹೇಗೆ ಅಂತ ಎರಡು ಮಾತು ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಿನದು ಸುಮ್ನೆ ಬಾಯಿಪಾಠ ಆಗುತ್ತೆ. ಫ್ಯಾಬ್ರಿಕ್ ಪೇಂಟ್ ಅಂದರೆ ಬಣ್ಣದ ಪುಡಿ, ಅಂಟು, ನೀರು. ಅಂಟು ಸಾಮಾನ್ಯವಾಗಿ ಅಕ್ರಿಲಿಕ್, ಸಣ್ಣ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತೆ. ನೀರು ಆರಿದಾಗ ಆ ಕಣಗಳು ಒಂದಕ್ಕೊಂದು ಕೂಡಿ ನೂಲಿನ ಸುತ್ತ ಒಂದು ತೆಳು ಪೊರೆ ಆಗುತ್ತೆ. ಇಸ್ತ್ರಿಯ ಬಿಸಿ ಆ ಪೊರೆಯನ್ನು ಪೂರ್ತಿ ಬೆಸೆದು ಗಟ್ಟಿ ಮಾಡುತ್ತೆ. ಬಟ್ಟೆಗೆ ಅದ್ದುವ ಡೈ ನೂಲಿನ ಒಳಕ್ಕೇ ಇಳಿಯುತ್ತೆ, ಇದು ಇಳಿಯಲ್ಲ, ಹೊರಗಿನಿಂದ ಹಿಡಿದುಕೊಂಡಿರುತ್ತೆ ಅಷ್ಟೇ. ಹಾಗಾಗಿ ಕೇಳಬೇಕಾದ್ದು ಎರಡು. ನೂಲಿಗೂ ಬಣ್ಣಕ್ಕೂ ನಡುವೆ ಏನಾದರೂ ಅಡ್ಡ ಬಂತಾ? ಪೊರೆ ಪೂರ್ತಿ ಕೂಡಿತ್ತಾ?

ಒಗೆದ ಮೇಲೆ ಬಣ್ಣ ಹೋಯಿತು

ಬರೋ ದೂರುಗಳಲ್ಲಿ ಇದೇ ಜಾಸ್ತಿ, ಗೊಂದಲವೂ ಇದರಲ್ಲೇ ಜಾಸ್ತಿ. "ಹೋಯಿತು" ಅನ್ನೋ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ರೋಗ ಇವೆ. ಶರ್ಟನ್ನು ಕಿಟಕಿ ಹತ್ತಿರ ತಗೊಂಡು ಹೋಗಿ, ಬಣ್ಣ ಹೋದ ಜಾಗದ ಅಂಚನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ.

ಅಂಚು ಹಾಳೆಯಂತೆ ಮೇಲೆದ್ದು, ಚಕ್ಕೆ ಚಕ್ಕೆಯಾಗಿ ಬಂದರೆ, ಅದರ ಕೆಳಗೆ ಬಟ್ಟೆ ಏನೂ ಆಗದ ಹಾಗೆ ಹೊಸದಾಗಿ ಕಂಡರೆ, ಬಣ್ಣ ನೂಲಿಗೆ ಅಂಟಿಯೇ ಇರಲಿಲ್ಲ ಅಂತ ಅರ್ಥ. ಪೊರೆ ಚೆನ್ನಾಗೇ ಆಗಿತ್ತು, ಹಿಡಿದುಕೊಳ್ಳೋಕೆ ಜಾಗ ಸಿಕ್ಕಿರಲಿಲ್ಲ. ಹೊಸ ಬಟ್ಟೆಯ ಗಂಜಿ, ಹಿಂದಿನ ಸಲ ಒಗೆಯುವಾಗ ಹಾಕಿದ ಫ್ಯಾಬ್ರಿಕ್ ಕಂಡೀಷನರ್, ಕೈಯ ಎಣ್ಣೆ ಜಿಡ್ಡು, ಇಲ್ಲವೇ ಪಾಲಿಯೆಸ್ಟರ್ ಬಟ್ಟೆ, ಈ ನಾಲ್ಕರಲ್ಲಿ ಒಂದು. ಕಂಡೀಷನರನ್ನು ಜನ ಅನುಮಾನಿಸೋದೇ ಇಲ್ಲ. ಬಟ್ಟೆ ಮೆತ್ತಗಿದೆ, ಒಗೆದಿದ್ದೀವಿ, ಇನ್ನೇನು ಅಂತ ಅಂದುಕೊಳ್ತಾರೆ. ಆ ಮೆತ್ತಗಿನ ಗುಣ ಬರೋದೇ ನೂಲಿನ ಮೇಲೆ ಜಾರುವ ಪದರ ಕೂರೋದರಿಂದ.

ಉಗುರಿಗೆ ಚಕ್ಕೆ ಏನೂ ಸಿಗದೆ, ಬಣ್ಣ ಮಂಕಾಗಿ, ಜಾಲರಿಯ ಹಾಗೆ ನಡುನಡುವೆ ಬಟ್ಟೆ ಇಣುಕುತ್ತಿದ್ದರೆ ಅದು ಬೇರೆ. ಪೊರೆ ಕೂಡಿರಲಿಲ್ಲ. ಬಣ್ಣಕ್ಕೆ ನೀರು ಜಾಸ್ತಿ ಬೆರೆಸಿದ್ದಿರಿ, ಅಥವಾ ಇಸ್ತ್ರಿಯ ಬಿಸಿ ಸಾಕಾಗಲಿಲ್ಲ, ಅಥವಾ ಒಗೆಯೋಕೆ ಅವಸರ ಮಾಡಿದಿರಿ. ಇದನ್ನು ಒಗೆಯುವ ಮೊದಲೇ ಪರೀಕ್ಷೆ ಮಾಡಬಹುದು. ಬಿಳಿ ಬಟ್ಟೆಯ ಚೂರು ಒದ್ದೆ ಮಾಡಿ, ಹಿಂಡಿ, ಚಿತ್ರದ ಒಂದು ಮೂಲೆಯನ್ನು ಹತ್ತು ಸಲ ಉಜ್ಜಿ. ಚೂರಿಗೆ ಬಣ್ಣ ಬಂದರೆ ಇನ್ನೂ ಇಸ್ತ್ರಿ ಬೇಕು ಅಂತ.

ಮೂರನೆಯದು ರೋಗವೇ ಅಲ್ಲ. ಇಪ್ಪತ್ತು ಮೂವತ್ತು ಸಲ ಒಗೆದ ಮೇಲೆ ಇಡೀ ಚಿತ್ರ ಒಂದೇ ಸಮ ಮಂಕಾಗಿದ್ದರೆ ಅದು ವಯಸ್ಸು. ಒಳಗಿನ ಮೈ ಹೊರಗೆ ಮಾಡಿ, ತಣ್ಣೀರಲ್ಲಿ ಒಗೆದು, ನೆರಳಲ್ಲಿ ಒಣಗಿಸಿದರೆ ಈ ವಯಸ್ಸು ನಿಧಾನವಾಗಿ ಬರುತ್ತೆ. ಕಣ್ಣು ಕುಕ್ಕುವ ನಿಯಾನ್ ಬಣ್ಣಗಳು ಮಾತ್ರ ಬಿಸಿಲಿಗೆ ಬೇಗ ಸೋಲುತ್ತವೆ, ನೀವು ಏನೇ ಮಾಡಿ.

ಈಗ ಮೊದಲ ರೋಗಕ್ಕೆ ಮದ್ದು. ಬರೆಯುವ ಮೊದಲು ಶರ್ಟನ್ನು ಬರೀ ಸೋಪಿನ ಪುಡಿಯಲ್ಲಿ ಒಗೆಯಿರಿ, ಕಂಡೀಷನರ್ ಬೇಡ. ಒಣಗಿದ ಮೇಲೆ ಎದೆಯ ಹತ್ತಿರ ಒಂದು ಹನಿ ನೀರು ಬಿಡಿ. ಕೂಡಲೇ ಹೀರಿಕೊಂಡು ಅಗಲವಾಗಿ ಹರಡಿದರೆ ನೂಲು ತೆರೆದಿದೆ. ಹನಿ ಮಣಿಯ ಹಾಗೆ ಮೇಲೆ ಕೂತಿದ್ದರೆ ಇನ್ನೊಂದು ಸಲ ಒಗೆಯಿರಿ. ಈ ಹನಿ ಪರೀಕ್ಷೆಯನ್ನು ಮಕ್ಕಳಿಗೇ ಬಿಟ್ಟುಬಿಡಿ. ನಮ್ಮ ಮನೆಯಲ್ಲಂತೂ ಒಂದು ಹನಿ ಸಾಕು ಅಂದರೂ ಅರ್ಧ ಲೋಟ ಸುರಿಯುತ್ತಾರೆ, ಆಮೇಲೆ ಶರ್ಟು ಮತ್ತೆ ಒಣಗೋವರೆಗೆ ಕಾಯಬೇಕು. ಇರಲಿ.

ಪಾಲಿಯೆಸ್ಟರ್ ಆಗಿದ್ದರೆ ಒಗೆದು ಪ್ರಯೋಜನ ಇಲ್ಲ. ಕುತ್ತಿಗೆಯ ಹಿಂದೆ ಅಥವಾ ಪಕ್ಕದ ಹೊಲಿಗೆಯಲ್ಲಿ ಲೇಬಲ್ ಇರುತ್ತೆ, ಓದಿ. 100 ಪರ್ಸೆಂಟ್ ಕಾಟನ್ ಅಂತ ಇದ್ದರೆ ಕಣ್ಣು ಮುಚ್ಚಿಕೊಂಡು ಬರೆಯಬಹುದು. ಅರ್ಧಂಬರ್ಧ ಮಿಶ್ರಣ ಆದರೆ ಪರವಾಗಿಲ್ಲ. ಆಟದ ಮೈದಾನಕ್ಕೆ ಹಾಕುವ, ಬೆವರಿದರೂ ಬೇಗ ಆರುವ ಜಾರು ಬಟ್ಟೆ ಆಗಿದ್ದರೆ, ಅದಕ್ಕೂ ಆಗುತ್ತೆ ಅಂತ ಬಾಟಲಿ ಮೇಲೆ ಬರೆದಿರುವ ಬಣ್ಣವನ್ನೇ ತರಬೇಕು.

ಇಸ್ತ್ರಿಯಲ್ಲಿ ತಪ್ಪಿದ್ದು

ಎರಡನೇ ರೋಗಕ್ಕೆ ಇಸ್ತ್ರಿಯೇ ಮದ್ದು, ಆದರೆ ಜನ ಇಸ್ತ್ರಿ ಮಾಡುವ ರೀತಿ ನೋಡಿದರೆ ಸುಕ್ಕು ತೆಗೆಯೋಕೆ ಹೊರಟ ಹಾಗಿರುತ್ತೆ, ಎರಡು ಸಲ ಆ ಕಡೆ, ಎರಡು ಸಲ ಈ ಕಡೆ, ಮುಗೀತು. ಅಷ್ಟಕ್ಕೆ ಬಿಸಿ ಬಣ್ಣದೊಳಕ್ಕೆ ಇಳಿಯೋದೇ ಇಲ್ಲ. ಬಣ್ಣ ಹಚ್ಚಿ 24 ಗಂಟೆ ಒಣಗಲು ಬಿಡಿ. ಆಮೇಲೆ ಶರ್ಟಿನ ಒಳ ಮೈ ಹೊರಗೆ ಮಾಡಿ, ಅಥವಾ ಚಿತ್ರದ ಮೇಲೆ ತೆಳು ಹತ್ತಿ ಬಟ್ಟೆ ಇಲ್ಲವೇ ಬಟರ್ ಪೇಪರ್ ಹಾಸಿ, ಕಾಟನ್ ಬಿಸಿಯಲ್ಲಿ, ಹಬೆ ಇಲ್ಲದೆ, ಒಂದೊಂದು ಜಾಗಕ್ಕೂ 3ರಿಂದ 5 ನಿಮಿಷ ಕೊಡಿ. ಒಂದೇ ಕಡೆ ಒತ್ತಿಟ್ಟು ನಿಲ್ಲಬೇಡಿ, ಬಟ್ಟೆ ಕಂದುತ್ತೆ. ನಿಧಾನವಾಗಿ ಸರಿಸುತ್ತಾ ಇರಿ. ಬಾಟಲಿ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಪಾಲಿಸಿ, ಬಣ್ಣದಿಂದ ಬಣ್ಣಕ್ಕೆ ಇದು ಬದಲಾಗುತ್ತೆ. ಐದು ನಿಮಿಷ ಕೇಳೋಕೆ ಚಿಕ್ಕದು, ಮೂರು ಮಕ್ಕಳ ಮೂರು ಶರ್ಟು ಎದೆ ತುಂಬ ಚಿತ್ರ ಇಟ್ಕೊಂಡು ಸಾಲಾಗಿ ಕೂತಾಗ ಗೊತ್ತಾಗುತ್ತೆ. ಇಸ್ತ್ರಿ ದೊಡ್ಡವರ ಕೆಲಸ, ಇದರಲ್ಲಿ ಚೌಕಾಸಿ ಇಲ್ಲ.

ಇಸ್ತ್ರಿ ಆದ ಮೇಲೂ ಮೂರು ದಿನ, ಅಂದರೆ 72 ಗಂಟೆ, ನೀರು ಸೋಕಿಸದೆ ಇಟ್ಟರೆ ಒಳ್ಳೇದು. ಮಕ್ಕಳು ಮರುದಿನವೇ ಹಾಕ್ಕೋತೀನಿ ಅಂತ ಹಟ ಮಾಡ್ತಾರೆ. ಹಾಕ್ಕೊಳ್ಳಲಿ, ಒಗೆಯೋದು ಮಾತ್ರ ಬೇಡ.

ಇಸ್ತ್ರಿ ಪೆಟ್ಟಿಗೆಗೇ ಬಣ್ಣ ಅಂಟಿಕೊಂಡು ಬಂತು ಅನ್ನೋರೂ ಇದ್ದಾರೆ. ಒಳಗೆ ಇನ್ನೂ ಹಸಿ ಇತ್ತು, ಅಷ್ಟೇ. ಮೇಲೆ ಮುಟ್ಟಿದರೆ ಒಣಗಿದ ಹಾಗಿರುತ್ತೆ, ದಪ್ಪ ಹಚ್ಚಿದ ಕಡೆ ಹೆಬ್ಬೆರಳು ಒತ್ತಿ ನೋಡಿದರೆ ತಣ್ಣಗೆ, ಕೊಂಚ ಮೆತ್ತಗೆ ಸಿಗುತ್ತೆ. ತಣ್ಣಗಿದ್ದರೆ ನೀರಿದೆ ಅಂತ. ಮಳೆ ಹಿಡಿದ ದಿನಗಳಲ್ಲಿ ಒಂದು ದಿನದ ಬದಲು ಎರಡು ದಿನ ಬಿಡಿ.

ಕೆಂಪು ಶರ್ಟಿನ ಮೇಲೆ ಬಿಳಿ ಬಣ್ಣ ಗುಲಾಬಿ ಆಯಿತು

ಇದರ ಗುಟ್ಟು ಬಿಡಿಸೋಕೆ ನನಗೆ ತುಂಬ ದಿನ ಹಿಡಿಯಿತು. ಸಂಜೆ ಬರೆದಾಗ ಹಾಲಿನಂಥ ಬಿಳಿ. ಮರುದಿನ ಬೆಳಗ್ಗೆಯೂ ಬಿಳಿಯೇ. ಇಸ್ತ್ರಿ ಮಾಡಿದ ಕೂಡಲೇ ತಿಳಿ ಗುಲಾಬಿ. ಒಗೆದೇ ಇಲ್ಲವಲ್ಲ, ಕೆಂಪು ಬಿಟ್ಟುಕೊಳ್ಳೋಕೆ ನೀರೆಲ್ಲಿಂದ ಬಂತು?

ನೀರು ಬೇಕಾಗಿಲ್ಲ. ಶರ್ಟಿನಲ್ಲಿ ಪಾಲಿಯೆಸ್ಟರ್ ಇತ್ತು. ಪಾಲಿಯೆಸ್ಟರಿಗೆ ಹಾಕುವ ಡೈ ಜಾಸ್ತಿ ಬಿಸಿ ತಾಗಿದರೆ ಆವಿಯಾಗಿ ಮೇಲೇಳುತ್ತೆ, ಎದ್ದು ಮೇಲಿರುವ ಬಣ್ಣದೊಳಗೆ ಸೇರಿಕೊಳ್ಳುತ್ತೆ. ಬಿಳಿ ಬಣ್ಣ ಆದ್ದರಿಂದ ಎದ್ದು ಕಂಡಿತು, ಕಪ್ಪು ಬಣ್ಣದಲ್ಲಿ ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೀಗೆ ಆದ ಮೇಲೆ ಬಿಳಿ ವಾಪಸ್ ಬರಲ್ಲ. ಅದರ ಮೇಲೆ ಗಾಢ ಬಣ್ಣ ಹಚ್ಚಿ ಮುಚ್ಚಬಹುದು. ಮುಂದಿನ ಸಲ ಕೆಂಪು, ಕಡು ನೀಲಿ, ಕಪ್ಪು ಮಿಶ್ರ ಬಟ್ಟೆಗೆ ಕಡಿಮೆ ಬಿಸಿ ಇಟ್ಟು ಜಾಸ್ತಿ ಹೊತ್ತು ಮಾಡಿ, ಅಥವಾ ಕಾಟನ್ ಶರ್ಟನ್ನೇ ಹಿಡಿಯಿರಿ.

ಗಾಢ ಬಣ್ಣದ ಶರ್ಟಿನಲ್ಲಿ ಇನ್ನೊಂದು ಪೇಚು. ಕಪ್ಪು ಶರ್ಟಿನ ಮೇಲೆ ಹಳದಿ ಸೂರ್ಯ ಬರೆದರೆ ಕೆಸರಿನ ಬಣ್ಣ, ನೀಲಿ ಮೇಲೆ ಬರೆದರೆ ಹಸಿರು ಸೂರ್ಯ. ಬಣ್ಣ ಕೆಟ್ಟಿಲ್ಲ. ಸಾಮಾನ್ಯ ಫ್ಯಾಬ್ರಿಕ್ ಪೇಂಟ್ ಸ್ವಲ್ಪ ಪಾರದರ್ಶಕ, ಕೆಳಗಿನ ಬಟ್ಟೆ ಅದರ ಮೂಲಕ ಕಾಣುತ್ತೆ. ಓಪೇಕ್, ಅಂದರೆ ಕೆಳಗಿನದು ಕಾಣದ ಹಾಗೆ ಮುಚ್ಚುವಂಥದ್ದು, ಅಂತ ಬರೆದಿರುವ ಬಣ್ಣ ಬೇಕು. ಇಲ್ಲದಿದ್ದರೆ ಮೊದಲು ಓಪೇಕ್ ಬಿಳಿಯನ್ನು ತೆಳುವಾಗಿ ಎರಡು ಸಲ ಹಚ್ಚಿ, ಪ್ರತಿ ಸಲ ಒಣಗಿಸಿ, ಆಮೇಲೆ ಹಳದಿ. ಒಂದೇ ಏಟಿಗೆ ದಪ್ಪಗೆ ಬಿಳಿ ಬಳಿದರೆ ಸೂರ್ಯ ಬಿರುಕು ಬಿಡುತ್ತಾನೆ.

ಬಿರುಕು ಅಂದಾಗ ಒಂದು ವಿಷಯ. ಟೀ ಶರ್ಟ್ ಹೆಣೆದ ಬಟ್ಟೆ, ಎಳೆದರೆ ಹಿಗ್ಗುತ್ತೆ. ಚಿತ್ರದ ಜಾಗವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ. ಎಳೆದಾಗ ಉದ್ದುದ್ದ ಸಣ್ಣ ಗೆರೆಗಳಲ್ಲಿ ಬಟ್ಟೆಯ ಬಣ್ಣ ಕಂಡು, ಬಿಟ್ಟಾಗ ಮಾಯವಾದರೆ ಅದು ಬಿರುಕಲ್ಲ, ಹೆಣಿಗೆ ತೆರೆದುಕೊಂಡಿದ್ದು ಅಷ್ಟೇ. ಅದನ್ನು ಮುಚ್ಚೋಕೆ ಹೋಗಿ ಜನ ಮೇಲೆ ಮೇಲೆ ಬಣ್ಣ ಹಚ್ಚಿ ನಿಜವಾದ ಬಿರುಕು ತರಿಸಿಕೊಳ್ಳುತ್ತಾರೆ. ಬಿಟ್ಟ ಮೇಲೂ ಗೆರೆ ಉಳಿದು, ಅಂಚು ಚೂಪಾಗಿ ಕೈಗೆ ತಾಗಿದರೆ ಮಾತ್ರ ಬಿರುಕು. ದಪ್ಪ ಪದರ, ಇಲ್ಲವೇ ಫ್ಯಾಬ್ರಿಕ್ ಪೇಂಟ್ ಬದಲು ಕ್ಯಾನ್ವಾಸಿಗೆ ಹಚ್ಚುವ ಅಕ್ರಿಲಿಕ್ಕನ್ನೇ ಹಾಗೇ ಬಳಸಿದ್ದು. ಅದು ಒಣಗಿದರೆ ರಟ್ಟಿನ ಹಾಗಾಗುತ್ತೆ. ಮನೆಯಲ್ಲಿ ಅದೇ ಇದ್ದರೆ ಫ್ಯಾಬ್ರಿಕ್ ಮೀಡಿಯಂ (ಬಣ್ಣ ಬಟ್ಟೆಯ ಮೇಲೆ ಮೆತ್ತಗೆ ಉಳಿಯಲಿ ಅಂತ ಬೆರೆಸುವ ದ್ರವ) ತಂದು ಬೆರೆಸಿ, ಅಳತೆ ಮೀಡಿಯಂ ಬಾಟಲಿ ಮೇಲೇ ಇರುತ್ತೆ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಬರೆಯುವಾಗ ಶರ್ಟನ್ನು ರಟ್ಟಿಗೆ ಬಿಗಿಯಾಗಿ ಎಳೆದು ಸಿಕ್ಕಿಸಿದ್ದರೆ, ರಟ್ಟು ತೆಗೆದ ಮೇಲೆ ಬಟ್ಟೆ ತನ್ನ ಅಳತೆಗೆ ಹಿಂದಕ್ಕೆ ಹೋಗುತ್ತೆ, ಬಣ್ಣ ಹೋಗಲ್ಲ. ಚಿತ್ರ ಸುಕ್ಕು ಸುಕ್ಕಾಗುತ್ತೆ, ದುಂಡನೆ ಮುಖ ಉದ್ದ ಆಗುತ್ತೆ. ಸುಕ್ಕಿಲ್ಲದಷ್ಟು ಎಳೆದರೆ ಸಾಕು.

ಅಂಚು ಹರಡಿತು, ಹಿಂದಕ್ಕೂ ಇಳಿಯಿತು

ಮಕ್ಕಳ ಜೊತೆ ಮಾಡುವಾಗ ಇದು ತಪ್ಪಿದ್ದಲ್ಲ. ಕಾರಣ ಹುಡುಕೋಕೆ ದೂರ ಹೋಗಬೇಡಿ, ಅವರ ಮುಂದೆ ಇಟ್ಟ ನೀರಿನ ಲೋಟ ನೋಡಿ. ಪ್ರತಿ ಗೆರೆಗೂ ಒಮ್ಮೆ ಬ್ರಷ್ ಅದ್ದುತ್ತಾರೆ, ಶಾಲೆಯಲ್ಲಿ ವಾಟರ್ ಕಲರ್‌ಗೆ ಹಾಗೇ ಅಭ್ಯಾಸ. ಬ್ರಷ್ಷಿನ ಬುಡದಲ್ಲಿ ನೀರು ಅಡಗಿರುತ್ತೆ, ಒತ್ತಿದಾಗ ಕೆಳಗೆ ಇಳಿಯುತ್ತೆ, ನೂಲಿನುದ್ದಕ್ಕೂ ಬಣ್ಣವನ್ನು ಎಳೆದುಕೊಂಡು ಹೋಗುತ್ತೆ. ಮೀಸೆ ಮೂಡಿದ ಹಾಗೆ ಅಂಚು ಕಾಣೋದು ಅದರಿಂದ. ನಾನೀಗ ಲೋಟವನ್ನೇ ಎತ್ತಿಬಿಟ್ಟಿದ್ದೀನಿ. ಬಣ್ಣಕ್ಕೊಂದು ಬ್ರಷ್, ಒರೆಸೋಕೆ ಹಳೇ ಬಟ್ಟೆ. ತೆಳು ಮಾಡಲೇಬೇಕಾದರೆ ನಾನೇ ತಟ್ಟೆಯಲ್ಲಿ ಕೆಲವು ಹನಿ ಬೆರೆಸಿ ಕೊಡ್ತೀನಿ. ನಾಲ್ಕು ಪಾಲು ಬಣ್ಣಕ್ಕೆ ಒಂದು ಪಾಲು ನೀರು ದಾಟಿದರೆ ಅಂಟು ಸಾಲದೆ ಆಗುತ್ತೆ. ಇನ್ನೂ ತೆಳು ಬೇಕಿದ್ದರೆ ನೀರಲ್ಲ, ಮೀಡಿಯಂ ಹಾಕಬೇಕು.

ಸ್ಟೆನ್ಸಿಲ್ (ಚಿತ್ರದ ಆಕಾರ ಕತ್ತರಿಸಿ ತೆಗೆದ ಹಾಳೆ) ಕೆಳಗೆ ಬಣ್ಣ ನುಗ್ಗಿದ್ದರೂ ಇದೇ ಕಥೆ. ಬ್ರಷ್ ಎಳೆಯಬೇಡಿ, ಸ್ಪಂಜಿನಲ್ಲಿ ತಟ್ಟಿ. ತಟ್ಟುವ ಮೊದಲು ಸ್ಪಂಜನ್ನು ಕಾಗದದ ಮೇಲೆ ಎರಡು ಸಲ ಒತ್ತಿ ಜಾಸ್ತಿಯದನ್ನು ಬಿಡಿಸಿಕೊಳ್ಳಿ.

ಹಿಂಭಾಗಕ್ಕೆ ಬಣ್ಣ ಇಳಿದಿದ್ದರೆ ಒಳಗೆ ರಟ್ಟು ಇಟ್ಟಿರಲಿಲ್ಲ, ಅಥವಾ ತೆಳು ಕಾಗದ ಇಟ್ಟಿದ್ದಿರಿ. ರಟ್ಟಿಟ್ಟರೆ ಅದೇ ಶರ್ಟಿಗೆ ಅಂಟಿಕೊಂಡು, ಕೀಳುವಾಗ ಕಂದು ಸಿಪ್ಪೆ ಒಳಗೆ ಉಳಿಯುತ್ತೆ. ರಟ್ಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿ. ತೋಳಿನ ಮೇಲೆ ಬರೆಯೋದಿದ್ದರೆ ತೋಳಿಗೂ ಒಂದು ಚಿಕ್ಕ ರಟ್ಟು ಬೇಕು, ಇದು ಎಲ್ಲರಿಗೂ ನೆನಪಾಗೋದು ಕೆಟ್ಟ ಮೇಲೆ.

ಅಂಗೈ ಗುರುತಿನ ನಡುವೆ ಖಾಲಿ

ಪುಟ್ಟ ಮಕ್ಕಳ ಅಂಗೈ ಅಚ್ಚು ಎಲ್ಲರಿಗೂ ಇಷ್ಟ. ಬೆರಳು ಐದೂ ಬಂದಿರುತ್ತೆ, ನಡುವೆ ಮಾತ್ರ ಬೋಳು. ಮಗುವಿನ ಕೈ ತಿರುಗಿಸಿ ನೋಡಿ, ಅಂಗೈ ನಡುವೆ ಬೋಗುಣಿಯ ಹಾಗೆ ತಗ್ಗಿದೆ. ಗಟ್ಟಿ ರಟ್ಟಿನ ಮೇಲೆ ಎಷ್ಟು ಒತ್ತಿದರೂ ಆ ತಗ್ಗು ಬಟ್ಟೆಗೆ ತಾಗಲ್ಲ. ಜಾಸ್ತಿ ಒತ್ತಿದರೆ ಬೆರಳ ಸಂದಿಗೆ ಬಣ್ಣ ಹಿಂಡಿ ಬಂದು ಬೆರಳೆಲ್ಲ ಒಂದಾಗಿ ಬಾತುಕೋಳಿ ಕಾಲಿನ ಹಾಗಾಗುತ್ತೆ. ಬಣ್ಣ ಜಾಸ್ತಿ ಮಾಡೋದು ಮದ್ದಲ್ಲ. ರಟ್ಟಿನ ಬದಲು ಒಂದು ಟವೆಲ್ಲನ್ನು ಎರಡು ಮಡಿಕೆ ಮಾಡಿ, ಮೇಲೆ ಪ್ಲಾಸ್ಟಿಕ್ ಹಾಸಿ ಶರ್ಟಿನ ಒಳಗೆ ಇಡಿ. ಕೈ ಒತ್ತಿದಾಗ ಮೆತ್ತನೆ ಟವೆಲ್ ಮೇಲಕ್ಕೆ ಉಬ್ಬಿ ತಗ್ಗನ್ನು ತುಂಬುತ್ತೆ. ಕೈಯನ್ನು ತಟ್ಟೆಯಲ್ಲಿ ಅದ್ದಬೇಡಿ, ಸ್ಪಂಜಿನಲ್ಲಿ ತೆಳುವಾಗಿ ಸವರಿ. ಒಂದೇ ಸಲ ಒತ್ತಿ, ನೇರ ಮೇಲಕ್ಕೆ ಎತ್ತಿ. ಎತ್ತೋದು ನೀವು, ಮಗು ಅಲ್ಲ. ಅದು ಎತ್ತೋಕೆ ಮೊದಲು ಒಮ್ಮೆ ಬೆರಳು ಆಡಿಸುತ್ತೆ.

ಉಳಿದವು

ಒಂದೇ ಬಾಟಲಿಯ ಬಣ್ಣ ಮೊದಲು ತಿಳಿಯಾಗಿ, ಕೊನೆಗೆ ಗಟ್ಟಿಯಾಗಿ ಬಂದರೆ ಬಾಟಲಿ ಕಲಕಿರಲಿಲ್ಲ. ಪುಡಿ ತಳಕ್ಕೆ ಕೂತಿತ್ತು. ಕಲಕಿದರೂ ಗಂಟು ಒಡೆಯದಿದ್ದರೆ, ಕೆಟ್ಟ ವಾಸನೆ ಬಂದರೆ, ಎಸೆಯಿರಿ.

ಕೋನಿನಂಥ ಮೂತಿಯ, ಉಬ್ಬು ಗೆರೆ ಎಳೆಯುವ ತ್ರೀಡಿ ಔಟ್‌ಲೈನರ್‌ನಲ್ಲಿ ಬರೆದ ಗೆರೆ ಚಪ್ಪಟೆಯಾದರೆ ಯಾರೋ ಅದರ ಮೇಲೆ ಇಸ್ತ್ರಿ ಒತ್ತಿದ್ದಾರೆ. ಅದು ತಾನಾಗಿ ಒಣಗಿ ಗಟ್ಟಿಯಾಗುವ ಬಣ್ಣ, ಮಲಗಿಸಿ ಬಿಡಬೇಕು. ಮಡಚಿಟ್ಟ ಶರ್ಟು ತನಗೆ ತಾನೇ ಅಂಟಿಕೊಳ್ಳೋದೂ ಈ ಗೆರೆಗಳಿಂದಲೇ ಜಾಸ್ತಿ. ಎಳೆದು ಬಿಡಿಸಬೇಡಿ, ಮಡಿಕೆಯ ನಡುವೆ ಬೆರಳಿಟ್ಟು ಸ್ವಲ್ಪ ಸ್ವಲ್ಪ ಬಿಡಿಸಿ. ಇಡುವಾಗ ನಡುವೆ ಬಟರ್ ಪೇಪರ್ ಇಡಿ.

ಬೇಡದ ಕಡೆ ಬಿದ್ದ ಹನಿ ಹಸಿ ಇದ್ದಾಗ ಉಜ್ಜಬೇಡಿ. ಚಮಚದ ಅಂಚಿನಿಂದ ಎತ್ತಿ, ಆಮೇಲೆ ಬಟ್ಟೆಯ ಹಿಂಭಾಗದಿಂದ ತಣ್ಣೀರು ಬಿಟ್ಟು ಸೋಪಿನಲ್ಲಿ ತಿಕ್ಕಿ. ಒಣಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಯಲ್ಲಿ ಅದ್ದಿ ಒತ್ತಿ ಒತ್ತಿ ಎಬ್ಬಿಸಬಹುದು, ಕಿಟಕಿ ತೆರೆದು, ಬೆಂಕಿ ಹತ್ತಿರ ಇಲ್ಲದೆ, ಮಕ್ಕಳನ್ನು ದೂರ ಇಟ್ಟು. ಶರ್ಟಿನ ಬಣ್ಣವೂ ಏಳಬಹುದು, ಮೊದಲು ಒಳಗಿನ ಮಡಿಕೆಯಲ್ಲಿ ನೋಡಿ. ಇಸ್ತ್ರಿ ಆಗಿಬಿಟ್ಟಿದ್ದರೆ ಆಸೆ ಬಿಡಿ, ಆ ಹನಿಯನ್ನು ಚಿಟ್ಟೆಯೋ ನಕ್ಷತ್ರವೋ ಮಾಡಿ. ನಮ್ಮ ಮಗನ ಬಸ್ಸಿನ ಮೇಲೆ ಹಾರ್ತಾ ಇರೋ ಮೂರು ಹಕ್ಕಿಗಳ ಕಥೆ ಇದೇ.

ಸೊಂಡಿಲಿಲ್ಲದ ಆನೆಯನ್ನು ಎಸೆಯಲಿಲ್ಲ. ಸಡಿಲ ಇದ್ದ ಚಕ್ಕೆಗಳ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ ಒತ್ತಿ ಕಿತ್ತೆ, ಬರೋದೆಲ್ಲ ಬಂದು ಗಟ್ಟಿ ಇದ್ದದ್ದು ಮಾತ್ರ ಉಳಿಯಿತು. ಶರ್ಟನ್ನು ಸೋಪಿನಲ್ಲಿ ಎರಡು ಸಲ ಒಗೆದೆವು. ಮಗಳು ಹನಿ ಪರೀಕ್ಷೆ ಮಾಡಿದಳು, ಹೀರಿಕೊಂಡಿತು. ಹಳೇ ಅಂಚಿನ ಮೇಲೆ ಕೂದಲೆಳೆಯಷ್ಟು ಹತ್ತಿಸಿ ಸೊಂಡಿಲು, ಕಾಲು ಮತ್ತೆ ಬರೆದಳು. ಒಂದು ದಿನ ಒಣಗಿಸಿ, ಐದು ನಿಮಿಷ ಇಸ್ತ್ರಿ, ಮೂರು ದಿನ ಕಾದೆವು. ಹೊಸ ಸೊಂಡಿಲು ಮೊದಲಿನದಕ್ಕಿಂತ ಒಂದು ಛಾಯೆ ಗಾಢ, ಹತ್ತಿರದಿಂದ ನೋಡಿದರೆ ಜೋಡಿಸಿದ ಗೆರೆ ಕಾಣುತ್ತೆ. ಶರ್ಟು ಈಗ ಅವಳಿಗೆ ಚಿಕ್ಕದಾಗಿದೆ, ಸೊಂಡಿಲು ಹಾಗೇ ಇದೆ.